ಹಿತ್ತಲ ಕೋಣೆಯ ಕರೆಂಟು

ಯುದ್ಧ ಮುಗಿದು, ಬಳ್ಳಾರಿಯ ದಂಡಿನಲ್ಲಿದ್ದ ಇಟಲಿ ಕೈದಿಗಳು ತಮ್ಮ ದೇಶಕ್ಕೆ ಹಡಗು ಹತ್ತಿದ ಮೇಲೆ, ಅವರಿಗೆ ಬ್ರೆಡ್ಡು ಸುಡುತ್ತಿದ್ದ ಭಟ್ಟಿಮನೆಯ ಸಾಮಾನುಗಳನ್ನು ಹರಾಜಿಗಿಟ್ಟರು. ಆ ಭಟ್ಟಿಮನೆಯಲ್ಲೇ ಯುದ್ಧದ ಕಾಲವನ್ನೆಲ್ಲ ಹಿಟ್ಟು ನಾದುತ್ತಾ ಕಳೆದಿದ್ದ ಗಾದಿಲಿಂಗಪ್ಪ ಹರಾಜಿಗೆ ಹೋಗಿ, ತಾನು ಕೆಲಸ ಮಾಡಿದ್ದ ಹಿಟ್ಟು ನಾದುವ ಯಂತ್ರವನ್ನೇ ಕೂಗಿ ತಂದ. ಎತ್ತಿನ ಬಂಡಿಯ ಮೇಲೆ ಅದು ಬ್ರೂಸ್‌ಪೇಟೆಯ ಓಣಿಗೆ ಬಂದಾಗ ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದು ನಿಂತರು. ಒಬ್ಬರು ಕೂತು ಸ್ನಾನ ಮಾಡುವಷ್ಟು ದೊಡ್ಡ ಕಬ್ಬಿಣದ ಕೊಪ್ಪರಿಗೆ, ಅದರೊಳಗೆ ಬಾಗಿದ ಕಬ್ಬಿಣದ ತೋಳು, ಕೆಳಗೆ ಕರೆಂಟಿನ ಮೋಟಾರು. ಇಳಿಸುವುದಕ್ಕೆ ಓಣಿಯ ಗಂಡಸರೆಲ್ಲ ಹೆಗಲು ಕೊಡಬೇಕಾಯಿತು.

ಗಾದಿಲಿಂಗಪ್ಪನ ಹೆಂಡತಿ ಕೊಟ್ರಬಸಮ್ಮ ಕುರುಗೋಡಿನವಳು. ಮದುವೆಯಾಗಿ ಬಂದಾಗಿನಿಂದ ಹಿತ್ತಲ ಕೋಣೆಯ ಭಟ್ಟಿಯಲ್ಲಿ ಗಂಡನ ಜೊತೆ ಬನ್ನು, ರಸ್ಕು ಸುಡುವುದನ್ನು ಕಲಿತಿದ್ದಳು. ಸಂಜೆ ಹೊತ್ತು ಮುಳುಗುವ ತನಕ ಕಣಕ ನಾದಿ ನಾದಿ ಅವಳ ಹೆಗಲು ಬಿದ್ದುಹೋಗುತ್ತಿದ್ದವು. ಊರಿನ ಚಹಾದ ಹೋಟೆಲುಗಳಿಗೆ ಬನ್ನಿನ ರುಚಿ ಹತ್ತಿತ್ತು. ಸಿರುಗುಪ್ಪದ ಹೋಟೆಲಿನವರೂ ಬೆಳಗಿನ ಬಸ್ಸಿಗೆ ಬುಟ್ಟಿ ಕಳಿಸಿರಿ ಅನ್ನುತ್ತಿದ್ದರು. ಕೈಯಿಂದ ಅಷ್ಟು ಹಿಟ್ಟು ನಾದುವುದು ಸಾಧ್ಯವಿರಲಿಲ್ಲ. ಹಾಗಾಗಿ ಯಂತ್ರ ಬಂದದ್ದು ಅವಳಿಗೂ ಸಂತೋಷವೇ.

ಆದರೆ ಅದನ್ನು ಓಡಿಸುವ ಕರೆಂಟು ಮನೆಯಲ್ಲಿರಲಿಲ್ಲ. ಪಡಸಾಲೆಗೊಂದು, ಅಡುಗೆಮನೆಗೊಂದು ದೀಪ ಉರಿಯುವಷ್ಟೇ ಕರೆಂಟು ಅವರಿಗಿದ್ದದ್ದು. ಮೋಟಾರಿಗೆ ಬೇರೆ ಲೈನು ಬೇಕು, ಕರೆಂಟು ಕಂಪನಿಗೆ ಅರ್ಜಿ ಹಾಕಿ ಕಾಯಿರಿ ಅಂದರು. ಕಾಯುತ್ತ ಕಾಯುತ್ತ ಬೇಸಿಗೆ ಹೋಯಿತು. ಎದುರು ಮನೆಯ ಜಂಬಣ್ಣನದು ಹಿಟ್ಟಿನ ಗಿರಣಿ. ಅಲ್ಲಿ ದೊಡ್ಡ ಲೈನಿತ್ತು.

"ನನ್ನ ಗಿರಣಿಯಿಂದ ಎಳಕೋ ಮಾರಾಯಾ. ಯಾರ್ ನೋಡಾಕ ಬರ್ತಾರ?" ಅಂದ ಜಂಬಣ್ಣ.

ಒಂದು ಮಧ್ಯಾಹ್ನ ಗಿರಣಿಯ ಮಾಡಿನಿಂದ ಓಣಿಯ ಮೇಲೆ ಹಾಯಿಸಿ, ಗೋಡೆಗೆ ತೂತು ಕೊರೆದು, ತಂತಿಗಳನ್ನು ಹಿತ್ತಲ ಕೋಣೆಗೆ ತಂದರು. ಗಿರಣಿಯ ಕೆಲಸದವನೂ ಗಾದಿಲಿಂಗಪ್ಪನೂ ಸೇರಿ ಯಂತ್ರಕ್ಕೆ ಕಟ್ಟಿದರು. ಯಂತ್ರದ ಹಿಂದಿನ ಗೋಡೆಯ ಮೇಲೆ ಹಿಡಿ ಎತ್ತಿ ಇಳಿಸುವ ಒಂದು ದೊಡ್ಡ ಸ್ವಿಚ್ಚು ಕೂತಿತು. ಅದನ್ನು ಎಳೆದಾಗ ಕೊಪ್ಪರಿಗೆಯ ತೋಳು ಗರ್ರನೆ ತಿರುಗಿ, ಗಾದಿಲಿಂಗಪ್ಪ ಮಗುವಿನ ಹಾಗೆ ಚಪ್ಪಾಳೆ ತಟ್ಟಿದ.

ಮೊದಲ ದಿನವೇ ಕೊಟ್ರಬಸಮ್ಮನಿಗೆ ಅದು ಗೊತ್ತಾಯಿತು. ನಾದಿದ ಕಣಕವನ್ನು ತೆಗೆಯಲು ಕೊಪ್ಪರಿಗೆಯ ಅಂಚಿಗೆ ಕೈಯಿಟ್ಟಳು. ಬೆರಳಿನ ತುದಿಯಿಂದ ಮೊಣಕೈವರೆಗೆ ಇರುವೆ ಸಾಲು ಹರಿದಂತೆ ಜುಮ್ಮೆಂದಿತು. ಕೈ ತೆಗೆದಳು. ಮತ್ತೆ ಮುಟ್ಟಿದಳು. ಮತ್ತೆ ಜುಮ್ಮೆಂದಿತು.

"ರೀ, ಇದು ಜುಮ್ ಅಂತೈತಿ."

ಗಾದಿಲಿಂಗಪ್ಪ ಬಂದು ಅಂಗೈ ಪೂರಾ ಊರಿ ನಿಂತ. "ಎಲ್ಲಿ? ಏನೂ ಇಲ್ಲ. ಮಿಷನ್ ಅಂದ ಮ್ಯಾಲ ನಡಗತೈತಿ. ಅದನ್ನ ನೀ ಜುಮ್ ಅಂತೈತಿ ಅಂತಿ."

ಅವನ ಕಾಲಲ್ಲಿ ದಂಡಿನಿಂದ ತಂದ, ದಪ್ಪ ರಬ್ಬರಿನ ಅಟ್ಟೆಯ ಬೂಟುಗಳಿದ್ದವು. ಭಟ್ಟಿಯ ಹತ್ತಿರ ಕೆಂಡ ಸಿಡಿಯುತ್ತದೆಂದು ಅವನು ಅವನ್ನು ಕಳಚುತ್ತಿರಲಿಲ್ಲ. ಮನೆಯೊಳಗೆ ಚರ್ಮ ಮೆಟ್ಟಿಕೊಂಡು ಓಡಾಡುತ್ತಾನೆಂದು ಅವನ ತಾಯಿ ಹೊನ್ನೂರಮ್ಮ ದಿನಾ ಗೊಣಗುತ್ತಿದ್ದಳು. ಕೊಟ್ರಬಸಮ್ಮ ಬರಿಗಾಲಲ್ಲಿ, ಸಗಣಿ ಸಾರಿಸಿದ ತಣ್ಣನೆಯ ನೆಲದ ಮೇಲೆ ನಿಲ್ಲುತ್ತಿದ್ದಳು. ಬೂಟಿಗೂ ಬರಿಗಾಲಿಗೂ ಇರುವ ವ್ಯತ್ಯಾಸ ಆಗ ಆ ಮನೆಯಲ್ಲಿ ಯಾರ ತಲೆಗೂ ಹೊಳೆಯಲಿಲ್ಲ.

ಅತ್ತೆಗೆ ಹೇಳಿದಳು. ಹೊನ್ನೂರಮ್ಮ ಆ ಯಂತ್ರವನ್ನು ಮುಟ್ಟುತ್ತಲೇ ಇರಲಿಲ್ಲ. ಪರದೇಶದವರು ಏನೇನು ಬೇಯಿಸಿ ತಿಂದಿದ್ದಾರೋ, ಅವರು ಮುಟ್ಟಿದ್ದು ತನಗೆ ಬೇಡ ಅನ್ನುತ್ತಿದ್ದಳು. ಆ ಕೋಣೆಗೆ ಬಂದರೂ ಬಾಗಿಲ ಪಕ್ಕದ ಮಣೆಯ ಮೇಲೆ ಕೂತು ಬನ್ನಿನ ಉಂಡೆ ಕಟ್ಟುತ್ತಿದ್ದಳು.

"ಕೈಲೆ ನಾದು ಅಂದ್ರ ಹೆಗಲು ನೋವು. ಮಿಷನ್ ತಂದ್ರ ಜುಮ್ ಅಂತೈತಿ. ನಿನಗ ಕೆಲಸ ಬ್ಯಾಡಾಗೈತಿ, ಅಷ್ಟ ಹೇಳು," ಅಂದಳು ಹೊನ್ನೂರಮ್ಮ.

ಕೊಟ್ರಬಸಮ್ಮ ಸುಮ್ಮನಾದಳು. ಆದರೆ ಹೆದರಿಕೆ ಸುಮ್ಮನಾಗಲಿಲ್ಲ. ಕೆಲವು ದಿನ ಏನೂ ಆಗುತ್ತಿರಲಿಲ್ಲ. ಕೆಲವು ದಿನ, ಅದರಲ್ಲೂ ನೆಲ ಸಾರಿಸಿದ ದಿನ, ಹಲ್ಲಿನ ಬೇರಿನ ತನಕ ಜುಮ್ಮೆನ್ನುತ್ತಿತ್ತು. ಯಾವ ದಿನ ಹೇಗೆಂದು ಮೊದಲೇ ತಿಳಿಯುತ್ತಿರಲಿಲ್ಲ, ಅದೇ ಅವಳನ್ನು ಹೆಚ್ಚು ಹೆದರಿಸುತ್ತಿದ್ದದ್ದು. ನೀರಿಗೆ ಬರುವ ಹೆಂಗಸರು ಬೇರೆ, ಆ ಯಂತ್ರದ ಹತ್ತಿರ ಒಬ್ಬ ಕೈದಿ ಸತ್ತಿದ್ದನಂತೆ, ಅವನು ಅದನ್ನು ಬಿಟ್ಟು ಹೋಗಿಲ್ಲವಂತೆ ಎಂದು ಮಾತಾಡಿಕೊಳ್ಳುತ್ತಿದ್ದರು. ಅಂಥದ್ದೇನೂ ಆಗಿಲ್ಲ, ಎಲ್ಲ ಸುಳ್ಳು ಎಂದು ಗಾದಿಲಿಂಗಪ್ಪ ಬೈದ. ಕೊಟ್ರಬಸಮ್ಮನೂ ಅದನ್ನು ನಂಬಲಿಲ್ಲ. ಆದರೂ ಒಬ್ಬಳೇ ಇದ್ದಾಗ ಕೊಪ್ಪರಿಗೆಗೆ ಬೆನ್ನು ಹಾಕಿ ನಿಲ್ಲುವುದನ್ನು ಬಿಟ್ಟಳು.

ಎಲ್ಲಕ್ಕಿಂತ ದೊಡ್ಡ ಭಯ ಮಗಳದು. ಪಾರಿ ಆಗಷ್ಟೇ ಅಂಬೆಗಾಲಿಡುತ್ತಿದ್ದಳು. ಹೊಳೆಯುವುದೆಲ್ಲ ಅವಳಿಗೆ ಬೇಕು. ತಾನು ತಡೆದುಕೊಳ್ಳುವ ಈ ಜುಮ್ಮು ಆ ಎಳೆ ಕೈಗೆ ಏನು ಮಾಡೀತು? ಮಗಳ ಸೊಂಟಕ್ಕೆ ಹಳೇ ಸೀರೆ ಸುತ್ತಿ, ಇನ್ನೊಂದು ತುದಿಯನ್ನು ಅಂಗಳದ ಕಂಬಕ್ಕೆ ಕಟ್ಟಿ ಕೆಲಸಕ್ಕೆ ಕೂರುತ್ತಿದ್ದಳು. ಮಗು ಅತ್ತರೆ ಅತ್ತೆ ಬಿಚ್ಚಿ ತರುತ್ತಿದ್ದಳು.

"ಹೆತ್ತ ಕೂಸನ್ನ ಆಕಳ ಕರದಂಗ ಕಟ್ತಾಳ, ಕಲ್ಲು ಮನಸಿನಾಕಿ," ಎಂದು ಓಣಿಗೆಲ್ಲ ಕೇಳುವಂತೆ ಅನ್ನುತ್ತಿದ್ದಳು.

ಬಳ್ಳಾರಿಯಲ್ಲಿ ಮಳೆ ಅಪರೂಪ. ಬಂದರೆ ಮಾತ್ರ ಮಣ್ಣಿನ ಮಾಳಿಗೆಗಳನ್ನು ಕರಗಿಸುವಂತೆ ಬರುತ್ತದೆ. ಆ ವರ್ಷ ಅಂಥ ಒಂದು ಮಳೆ ಮಧ್ಯಾಹ್ನದ ಹೊತ್ತಿಗೆ ಬಂತು. ಗಾದಿಲಿಂಗಪ್ಪ ಮೈದಾ ತರಲು ಪೇಟೆಗೆ ಹೋಗಿದ್ದ. ಯಂತ್ರ ಹಿಟ್ಟು ನಾದುತ್ತಿತ್ತು. ಕೊಟ್ರಬಸಮ್ಮ ಭಟ್ಟಿಯ ಮುಂದೆ ಕೂತು, ಉದ್ದ ಹಿಡಿಯ ಮರದ ಸಲಿಕೆಯಿಂದ ರಸ್ಕಿನ ತಗಡುಗಳನ್ನು ಹೊರಗೆಳೆಯುತ್ತಿದ್ದಳು. ಮಾಳಿಗೆ ಸೋರತೊಡಗಿತು. ಮೊದಲು ಮೂಲೆಯಲ್ಲಿ, ಆಮೇಲೆ ಯಂತ್ರದ ಮೇಲೆಯೇ ಕೆಂಪು ನೀರು ತೊಟ್ಟಿಕ್ಕಿತು. ನೆಲದ ಮೇಲೆ ನೀರು ಹರಡಿತು.

"ಮೈದಾ ಚೀಲ ತೋಯಾಕತ್ತೈತಿ ನೋಡ!" ಎನ್ನುತ್ತ ಹೊನ್ನೂರಮ್ಮ ಮಣೆಯಿಂದೆದ್ದಳು. ಚೀಲ ಯಂತ್ರದ ಪಕ್ಕಕ್ಕಿತ್ತು.

"ಅತ್ತೀ, ಅದನ್ನ ಮುಟ್ಟಬ್ಯಾಡ್ರಿ, ನಾ ಬರ್ತೀನಿ," ಅಂದಳು ಕೊಟ್ರಬಸಮ್ಮ.

ಹೊನ್ನೂರಮ್ಮ ಕೇಳಲಿಲ್ಲ. ಎಡಗೈಯಿಂದ ಚೀಲದ ಕಿವಿ ಹಿಡಿದೆಳೆದಳು. ಕೆಸರಿನಲ್ಲಿ ಕಾಲು ಜಾರಿತು. ಬೀಳದಿರಲೆಂದು ಬಲಗೈಯಿಂದ ಕೊಪ್ಪರಿಗೆಯ ಅಂಚು ಹಿಡಿದಳು.

ಅವಳು ಕೂಗಲಿಲ್ಲ. ಗಂಟಲೊಳಗಿಂದ ಒಂದು ಶಬ್ದ ಬಂತು, ಮುಚ್ಚಿದ ಬಾಗಿಲ ಆಚೆ ಯಾರೋ ನರಳಿದ ಹಾಗೆ. ಕೊಟ್ರಬಸಮ್ಮ ತಿರುಗಿ ನೋಡಿದಳು. ಅತ್ತೆಯ ಮೈ ಬಿಲ್ಲಿನಂತೆ ಬಾಗಿತ್ತು, ಮುಡಿ ಬಿಚ್ಚಿ ಹಾರಾಡುತ್ತಿತ್ತು, ಕಣ್ಣು ತೆರೆದೇ ಇದ್ದವು. ಆ ಕಣ್ಣು ಸೊಸೆಯನ್ನೇ ನೋಡುತ್ತಿದ್ದವು. ಯಂತ್ರದ ತೋಳು ಏನೂ ಆಗದಂತೆ ತಿರುಗುತ್ತಿತ್ತು.

ಆಗಲೇ ಪಾರಿ ಕಾಣಿಸಿದಳು. ಮಳೆ ಬಂತೆಂದು ಅಜ್ಜಿಯೇ ಬಿಚ್ಚಿ ಒಳಗೆ ಕೂರಿಸಿದ್ದಳು. ಮಗು ಒದ್ದೆ ನೆಲದ ಮೇಲೆ ಅಂಬೆಗಾಲಿಡುತ್ತ, ಅಜ್ಜಿಯ ನಡುಗುವ ಸೆರಗಿನ ಕಡೆ ನಗುತ್ತ ಹೋಗುತ್ತಿತ್ತು.

ಕೊಟ್ರಬಸಮ್ಮ ಹಾರಿ ಹೋಗಿ ಮಗುವಿನ ಒಂದು ತೋಳು ಹಿಡಿದು ಹಿಂದಕ್ಕೆಳೆದಳು. ಎಳೆದ ರಭಸಕ್ಕೆ ಮಗು ಅಂಗಳದ ಹೊಸ್ತಿಲಿಗೆ ಹೋಗಿ ಬಿದ್ದು ಚೀರಿತು. ಅದು ಚೀರಿದ್ದೇ ಅವಳಿಗೆ ಸಮಾಧಾನ. ಇನ್ನು ಅತ್ತೆ. ಸ್ವಿಚ್ಚು ಯಂತ್ರದ ಹಿಂದೆ, ನೀರಿನ ಆಚೆ. ಅಲ್ಲಿಗೆ ಹೋಗಬೇಕೆಂದರೆ ಅತ್ತೆಯನ್ನು ಸವರಿಕೊಂಡೇ ಹೋಗಬೇಕು. ಕೈ ಚಾಚಿದಳು. ಕೈ ಮುಂದೆ ಹೋಗಲಿಲ್ಲ. ಇಷ್ಟು ದಿನ ಬೆರಳಲ್ಲಿ ಹರಿದಿದ್ದ ಆ ಜುಮ್ಮು ನೆನಪಾಗಿ ಮೈಯೆಲ್ಲ ಮರಗಟ್ಟಿತು. ಅತ್ತೆಯನ್ನು ಬರಿಗೈಯಲ್ಲಿ ಮುಟ್ಟುವ ಧೈರ್ಯ ಅವಳಿಗೆ ಬರಲೇ ಇಲ್ಲ. ಬರದಿದ್ದದ್ದೇ ಇಬ್ಬರನ್ನೂ ಉಳಿಸಿತು. ಭಟ್ಟಿಯ ಮುಂದೆ ಬಿದ್ದಿದ್ದ ಮರದ ಸಲಿಕೆ ತಂದು, ಎರಡೂ ಕೈಯಲ್ಲೆತ್ತಿ, ಅತ್ತೆಯ ಮಣಿಕಟ್ಟಿನ ಮೇಲೆ ಹೊಡೆದಳು. ಕೈ ಬಿಡಲಿಲ್ಲ. ಅಳುತ್ತ ಮತ್ತೆ ಹೊಡೆದಳು. ಮೂಳೆ ಮುರಿದ ಸದ್ದು ಕೇಳಿತು. ಹೊನ್ನೂರಮ್ಮ ಚೀಲದ ಮೇಲೆ ಬಿದ್ದಳು.

ಕೊಟ್ರಬಸಮ್ಮನ ಕೂಗಿಗೆ ಜಂಬಣ್ಣ ಗಿರಣಿಯಲ್ಲಿ ಲೈನು ಆರಿಸಿ ಓಡಿ ಬಂದ. ಹೊನ್ನೂರಮ್ಮನ ತುಟಿ ನೀಲಿಗಟ್ಟಿತ್ತು. ಎದೆ ತಿಕ್ಕಿದರು, ಅಂಗಾಲು ತಿಕ್ಕಿದರು. ಬಹಳ ಹೊತ್ತಿನ ಮೇಲೆ ಒಂದು ಉಸಿರು ಬಂತು, ಆಮೇಲೆ ಇನ್ನೊಂದು. ಅಂಗೈಯಲ್ಲಿ ಬೆರಳಗಲ ಸುಟ್ಟು ಬೆಳ್ಳಗಾಗಿತ್ತು. ಡಾಕ್ಟರು ಬಂದು ಮಣಿಕಟ್ಟಿಗೆ ಪಟ್ಟಿ ಕಟ್ಟಿದರು.

ಗಾದಿಲಿಂಗಪ್ಪ ಆ ದಿನವೆಲ್ಲ ತಾಯಿಯ ಕಾಲ ಬಳಿ ಕೂತಿದ್ದ. ಆದರೆ ಬಿಸಿಲು ಬಿದ್ದು ನೆಲ ಒಣಗಿದ ಮೇಲೆ ಮತ್ತೆ ಹಿತ್ತಲ ಕೋಣೆಗೆ ಹೋಗಿ ಸ್ವಿಚ್ಚಿಗೆ ಕೈ ಹಾಕಿದ.

"ಮತ್ತ ಹಾಕ್ತೀರೇನು?" ಕೊಟ್ರಬಸಮ್ಮ ಬಾಗಿಲಲ್ಲೇ ನಿಂತು ಕೇಳಿದಳು.

"ಮಳಿ ನೀರು ಬಿದ್ದಿತ್ತು, ಅದಕ್ಕ ಹಂಗಾತು. ಈಗ ಒಣಗೈತಿ. ಸಿರುಗುಪ್ಪದವ್ರು ಕಾಯಾಕತ್ತಾರ." ಅವನು ಸ್ವಿಚ್ಚು ಎಳೆದು, ಕೊಪ್ಪರಿಗೆಯ ಮೇಲೆ ಅಂಗೈ ಊರಿದ. "ನೋಡು. ಏನೂ ಇಲ್ಲ."

ಅವಳ ಕಣ್ಣು ಅವನ ಕಾಲಿನ ಮೇಲೆ ಹೋಯಿತು. ಆ ಕ್ಷಣ ಅವಳಿಗೆ ಏನೋ ಹೊಳೆಯಿತು.

"ಬೂಟು ಕಳದು ಮುಟ್ರಿ."

ಗಾದಿಲಿಂಗಪ್ಪ ಅವಳ ಮುಖ ನೋಡಿದ. ಬೂಟಿನ ದಾರಕ್ಕೆ ಬಗ್ಗಿದ. ಬಗ್ಗಿದವನು ಹಾಗೇ ಉಳಿದ. ಬೆರಳು ಗಂಟಿನ ಮೇಲಿದ್ದವು, ಗಂಟು ಬಿಚ್ಚಲಿಲ್ಲ. ತಲೆಯೆತ್ತಿದಾಗ ಅವನ ಹಣೆಯ ಮೇಲೆ ಬೆವರಿತ್ತು. ಅವನಿಗೂ ಹೆದರಿಕೆ ಇದೆ ಎಂದು ಅವಳಿಗೆ ತಿಳಿಯಿತು. ಬಹುಶಃ ಮೊದಲಿನಿಂದಲೂ ಇತ್ತು. ಯಂತ್ರಕ್ಕಿಂತ ಹೆಚ್ಚಾಗಿ ಆ ಮುಖ ಅವಳನ್ನು ಹೆದರಿಸಿತು. ಅವನೇ ಹೆದರಿದ ಮೇಲೆ ಆ ಮನೆಯಲ್ಲಿ ತನ್ನನ್ನೂ ಮಗಳನ್ನೂ ಕಾಯುವವರು ಯಾರು?

ಅವಳು ಜಗಳವಾಡಲಿಲ್ಲ. ಅತ್ತೆಗೆ ಗಂಜಿ ಕುಡಿಸಿ, ನೋಡಿಕೊಳ್ಳಲು ಜಂಬಣ್ಣನ ಹೆಂಡತಿಗೆ ಹೇಳಿ, ಮಗಳನ್ನು ಸೊಂಟಕ್ಕೇರಿಸಿಕೊಂಡು ಕುರುಗೋಡಿನ ಬಸ್ಸು ಹತ್ತಿದಳು.

ಕುರುಗೋಡಿನ ತವರುಮನೆಯಲ್ಲಿ ಕರೆಂಟಿನ ಮಾತೇ ಇರಲಿಲ್ಲ. ಎಣ್ಣೆ ದೀಪ, ಬೀಸುವ ಕಲ್ಲು, ಎದುರಿಗೆ ಬೋಳು ಬಂಡೆಯ ಗುಡ್ಡ. ಆದರೂ ತಾಮ್ರದ ಕೊಡ ಮುಟ್ಟುವಾಗ ಅವಳು ಬೆರಳು ಹಿಂದೆಳೆದುಕೊಳ್ಳುತ್ತಿದ್ದಳು. ಬಾವಿಯ ಗಾಲಿ ಕಿರುಗುಟ್ಟಿದರೆ ಬೆಚ್ಚುತ್ತಿದ್ದಳು. ಪಾರಿ ನಿದ್ದೆಯಲ್ಲಿ ಕೈ ಅಲ್ಲಾಡಿಸಿದರೂ ಎದ್ದು ಕೂರುತ್ತಿದ್ದಳು. ಸಲಿಕೆಯ ಕೆಳಗೆ ಮುರಿದ ಆ ಮೂಳೆಯ ಸದ್ದು ಕಿವಿಯಲ್ಲೇ ಇತ್ತು.

"ಅತ್ತಿ ಕೈ ಮುರದು ಬಂದೀಯಂತ. ಊರು ಮಾತಾಡತೈತಿ," ಅಂದ ಅಪ್ಪ ಗವಿಸಿದ್ದಪ್ಪ. ಬೈಗುಳವಿರಲಿಲ್ಲ ಆ ಮಾತಿನಲ್ಲಿ, ಚಿಂತೆಯಿತ್ತು.

"ಹೌದಪ್ಪಾ, ಮುರದೀನಿ," ಎಂದಷ್ಟೇ ಅಂದಳು.

ಒಂದು ದಿನ ಮಧ್ಯಾಹ್ನ ಬಸ್ಸು ಬಂದು ಹೋದ ಮೇಲೆ ಅಂಗಳದಲ್ಲಿ ಯಾರೋ ಬಂದ ಸದ್ದಾಯಿತು. ಹೊನ್ನೂರಮ್ಮ ನಿಂತಿದ್ದಳು. ಕುತ್ತಿಗೆಗೆ ಜೋತುಬಿಟ್ಟ ಬಟ್ಟೆಯಲ್ಲಿ ಬಲಗೈ, ಎಡಗೈಯಲ್ಲಿ ಒಂದು ಗಂಟು. ಒಬ್ಬಳೇ ಬಂದಿದ್ದಳು.

ಪಂಚಾಯ್ತಿ ಸೇರಿಸಲು ಬಂದಳೋ, ಮಗುವನ್ನು ಕೇಳಲು ಬಂದಳೋ. ಕೊಟ್ರಬಸಮ್ಮ ಕಂಬದ ಮರೆಗೆ ಸರಿದಳು.

"ಯಾಕ ಅಡಗಕೊಂತಿ? ಬಾ ಇಲ್ಲಿ," ಅಂದಳು ಹೊನ್ನೂರಮ್ಮ. ಕಟ್ಟೆಯ ಮೇಲೆ ಕೂತಳು. ಬಹಳ ದಣಿದಿದ್ದಳು. "ನಿನ್ನ ಕರಕೊಂಡು ಹೋಗಾಕ ಬಂದಿಲ್ಲ ನಾ. ಇರಾಕ ಬಂದೀನಿ."

"ಅತ್ತೀ?"

"ಆ ಮನ್ಯಾಗ ನನಗ ಇರಾಕ ಆಗವಲ್ದು. ಆ ಗರ್ ಗರ್ ಕೇಳಿದ್ರ ಕೈಯಾಗಿಂದ ಎದಿ ತನಕ ಏನೋ ಹರದಂಗ ಆಕೈತಿ. ಅವ ಮಿಷನ್ ಹಾಕಿದ್ರ ನಾ ಓಣಿಗೆ ಹೋಗಿ ಕುಂದರತೀನಿ. ಎಷ್ಟ ದಿನ ಓಣ್ಯಾಗ ಕುಂದರಲಿ?" ಅವಳು ಗಂಟನ್ನು ಕೆಳಗಿಟ್ಟಳು. "ಜುಮ್ ಅಂತೈತಿ ಅಂತ ನೀ ಹೇಳಿದಿ. ನಾ ಮೈಗಳ್ಳಿ ಅಂದೆ. ಹಿಡಕೊಂಡಾಗ ನಿನ್ನ ನೋಡಾಕತ್ತಿದ್ದೆ ಯವ್ವಾ. ಬಾಯಿ ಬರಲಿಲ್ಲ. ಇಕಿ ನನ್ನ ಬಿಟ್ಟು ಕೂಸನ್ನ ಎತಗೊಂಡು ಓಡಿ ಹೋಗ್ತಾಳ, ಹೋಗಲಿ, ಅಂದ್ಕೊಂಡೆ."

ಕೊಟ್ರಬಸಮ್ಮ ಬಂದು ಅತ್ತೆಯ ಪಕ್ಕ ಕೂತಳು. ಪಟ್ಟಿ ಕಟ್ಟಿದ ಕೈಯನ್ನು ಮುಟ್ಟಲು ಹೋಗಿ, ಮುಟ್ಟದೆ ಹಿಂದೆಗೆದಳು. ಹೊನ್ನೂರಮ್ಮನೇ ಎಡಗೈಯಿಂದ ಅವಳ ಬೆರಳು ಹಿಡಿದುಕೊಂಡು ತನ್ನ ತೊಡೆಯ ಮೇಲಿಟ್ಟುಕೊಂಡಳು.

ಹೆಂಡತಿ ಹೋದದ್ದನ್ನು ಗಾದಿಲಿಂಗಪ್ಪ ಸಿಟ್ಟೆಂದುಕೊಂಡಿದ್ದ. ತಾಯಿಯೂ ಹೋದಾಗ ಅವನಿಗೆ ಯಂತ್ರದ ಜೊತೆ ಒಬ್ಬನೇ ಇರಲು ಆಗಲಿಲ್ಲ. ಒಂದು ವಾರ ಕಳೆಯುವುದರೊಳಗೆ ಅವನೂ ಕುರುಗೋಡಿಗೆ ಬಂದ. ಅಂಗಳದಲ್ಲಿ ಮಾವನ ಮುಂದೆ ತಲೆ ತಗ್ಗಿಸಿ ಕೂತು, ಹೆಂಡತಿಗೆ ಕೇಳುವಂತೆ ಹೇಳಿದ:

"ಅದರಾಗ ಏನೋ ತಪ್ಪೈತಿ ಅಂತ ನನಗೂ ಅನಸಿತ್ತು. ಬಲ್ಲವರನ್ನ ಕರದ್ರ ಜಂಬಣ್ಣನ ಲೈನು ಎಳದದ್ದು ಗೊತ್ತಾಗತೈತಿ, ಎರಡೂ ಕಡಿ ಕತ್ತರಸತಾರ, ಜೇಲಿಗೆ ಹಾಕಿದ್ರೂ ಹಾಕಿದ್ರು ಅಂತ ಅಂಜಿದ್ನಿ. ಆ ಅಂಜಿಕ್ಯಾಗ ನಿಮ್ಮ ಮಾತು ಕಿವಿಗೆ ಹಾಕ್ಕೊಳ್ಳಲಿಲ್ಲ. ಈಗ ಓಬಣ್ಣ ಅನ್ನೋ ಲೈನಿನವನ ಮುಂದ ಎಲ್ಲಾ ಹೇಳೀನಿ."

"ಏನಂದ ಅವ?" ಕೊಟ್ರಬಸಮ್ಮ ಬಾಗಿಲ ಒಳಗಿನಿಂದ ಕೇಳಿದಳು.

"ಮೊದಲ ಬೈದ. ಆಮ್ಯಾಲ ಮೋಟಾರು ಬಿಚ್ಚಿ ನೋಡಿದ. ಒಳಗಿನ ತಂತಿ ಮ್ಯಾಲಿನ ನೂಲು ಸವದು ಕಬ್ಬಿಣಕ್ಕ ತಾಗೈತಂತ. ಅಂಥಾ ಕರೆಂಟು ಭೂಮಿಗೆ ಇಳದು ಹೋಗಾಕ ಇನ್ನೊಂದು ತಂತಿ ಇರಬೇಕಂತ, ನಾವು ಅದನ್ನ ಹಾಕೇ ಇಲ್ಲ. ತಂತಿ ಇಲ್ಲದ್ದಕ್ಕ ಬರಿಗಾಲಿನವರ ಮೈಯಾಗ ಇಳೀತೈತಿ ಅಂದ." ಅವನು ಬಾಗಿಲ ಕಡೆ ತಿರುಗಿದ. "ಜಂಬಣ್ಣನ ಲೈನು ಕಿತ್ತು ಹಾಕಿಸೀನಿ. ನಮ್ಮ ಹೆಸರಿಗೆ ಲೈನು ಬರೋ ತನಕ ಮಿಷನ್ ಹಾಕಂಗಿಲ್ಲ."

ಲೈನು ಬರಲು ಚಳಿಗಾಲ ಕಳೆಯಬೇಕಾಯಿತು. ಅಷ್ಟು ದಿನ ಗಾದಿಲಿಂಗಪ್ಪ ಒಬ್ಬನೇ ಕೈಯಿಂದ ನಾದಿದ. ಸಿರುಗುಪ್ಪದ ಹೋಟೆಲಿನವರು ಬೇರೆ ಕಡೆ ನೋಡಿಕೊಂಡರು. ಕಂಪನಿಯವರು ಗಿರಣಿಗೆ ಬಂದು ಕೂಗಾಡಿ ಹೋದರೆಂದು ಜಂಬಣ್ಣ ಬಹಳ ದಿನ ಮಾತು ಬಿಟ್ಟ. ಅತ್ತೆ ಸೊಸೆಯರು ಕುರುಗೋಡಿನಲ್ಲೇ ಇದ್ದರು. ಹೊನ್ನೂರಮ್ಮನ ಮೂಳೆ ಕೂಡಿತು, ಆದರೆ ಬೆರಳು ಪೂರಾ ಮಡಚಲಿಲ್ಲ. ಬನ್ನಿನ ಉಂಡೆ ಕಟ್ಟಲು ಎಡಗೈಗೆ ಕಲಿಸಬೇಕೆಂದು ಜೋಳದ ಹಿಟ್ಟಿನಲ್ಲಿ ದಿನಾ ಅಭ್ಯಾಸ ಮಾಡುತ್ತಿದ್ದಳು.

ಅವರು ಬ್ರೂಸ್‌ಪೇಟೆಗೆ ಮರಳಿದ ದಿನ ಓಬಣ್ಣನೂ ಬಂದಿದ್ದ. ಹಿತ್ತಲಲ್ಲಿ ಆಳವಾದ ಗುಂಡಿ ತೋಡಿ, ತಾಮ್ರದ ತಗಡು ಹೂತು, ಇದ್ದಿಲು ಉಪ್ಪು ತುಂಬಿ, ಅಲ್ಲಿಂದ ಯಂತ್ರಕ್ಕೆ ದಪ್ಪ ತಂತಿ ಬಿಗಿದಿದ್ದ. ಮೋಟಾರಿಗೆ ಹೊಸ ತಂತಿ ಸುತ್ತಿಸಿದ್ದರು. ಸ್ವಿಚ್ಚನ್ನು ಯಂತ್ರದ ಹಿಂದಿನಿಂದ ತೆಗೆದು ಬಾಗಿಲ ಪಕ್ಕಕ್ಕೆ ತಂದಿದ್ದರು.

"ಗುಂಡಿ ಒಣಗಾಕ ಬಿಡಬ್ಯಾಡ್ರಿ ತಾಯಿ, ದಿನಾ ನೀರು ಹಾಕ್ರಿ. ಸಂಶಯ ಬಂದ್ರ ಅಂಗೈಲೆ ಹಿಡೀಬ್ಯಾಡ್ರಿ, ನನಗ ಹೇಳಿ ಕಳಸ್ರಿ," ಅಂದ ಓಬಣ್ಣ. ಸ್ವಿಚ್ಚು ಹಾಕಿ, ತನ್ನ ಚಪ್ಪಲಿ ಬಿಟ್ಟು, ತಾನೇ ಮೊದಲು ಮುಟ್ಟಿ ತೋರಿಸಿದ. ಆಮೇಲೆ ಗಾದಿಲಿಂಗಪ್ಪ ಬರಿಗಾಲಲ್ಲಿ ಬಂದು ಮುಟ್ಟಿದ.

"ಇಲ್ಲ," ಅಂದ. "ಬಸಮ್ಮಾ, ಖರೇನ ಏನೂ ಇಲ್ಲ."

ಕೊಟ್ರಬಸಮ್ಮ ಒಳಗೆ ಬಂದಳು. ಕಣ್ಣು ಮುಚ್ಚಿ ಬೆರಳ ಹಿಂಬದಿಯನ್ನು ಅಂಚಿಗೆ ತಾಗಿಸಿದಳು. ತಣ್ಣಗಿನ ಕಬ್ಬಿಣ, ಅದರ ಸಣ್ಣ ನಡುಕ, ಅಷ್ಟೇ. ಇನ್ನೊಮ್ಮೆ ತಾಗಿಸಿದಳು. ಇರುವೆ ಹರಿಯಲಿಲ್ಲ. ಆದರೂ ಹೆದರಿಕೆ ಹೋಗಲಿಲ್ಲ. ಹಿಟ್ಟು ಕಣಕವಾಗುವ ತನಕ ಅವಳು ಅಲ್ಲೇ ನಿಂತಳು.

ಹೊನ್ನೂರಮ್ಮ ಒಳಗೆ ಬರಲಿಲ್ಲ. ಅಂಗಳದಲ್ಲಿ ಕೂತು, ಎಡಗೈಯಿಂದ ಪಾರಿಯ ಸೊಂಟವನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಮಗು ಕೊಸರಿದಷ್ಟೂ ಹಿಡಿತ ಬಿಗಿಯುತ್ತಿತ್ತು.

"ಸಾಕು, ಹೊರಗ ಬಾರವ್ವಾ," ಎಂದು ಕೂಗಿದಳು. "ಉಳದದ್ದು ಅವ ನೋಡಕೊಂತಾನ."

ಕೊಟ್ರಬಸಮ್ಮ ಹೊರಗೆ ಬಂದು ಅತ್ತೆಯ ಪಕ್ಕ ಕೂತಳು. ಒಳಗೆ ಗಾದಿಲಿಂಗಪ್ಪ ಸ್ವಿಚ್ಚು ಆರಿಸಿ, ಯಂತ್ರದ ಗರ್ರೆನ್ನುವ ಸದ್ದು ನಿಧಾನವಾಗಿ ಅಡಗುವ ತನಕ ಇಬ್ಬರೂ ಪಾರಿಯನ್ನು ಹಿಡಿದುಕೊಂಡೇ ಕೂತರು.